ಗ್ಯಾರೇಜಿನಲ್ಲಿ ತೆಗೆದ ರಕ್ತ

ಸಲೈನಾ, ಕಾನ್ಸಾಸ್
ಮಾರ್ಚ್ 9, ಭಾನುವಾರ

ಪ್ರೀತಿಯ ತಮ್ಮ ಕ್ಲಿಫ್ಟನ್‌ಗೆ,

ಹೇಗಿದ್ದೀಯ? ತಲೆಯ ಹೊಲಿಗೆ ಬಿಚ್ಚಿದರಂತೆ, ನಿನ್ನ ಹೆಂಡತಿ ಟ್ವೈಲಾ ಹೇಳಿದಳು. ಬರೆಯೋದು ತಡವಾಯ್ತು, ಬೇಜಾರು ಮಾಡ್ಕೋಬೇಡ. ಈ ಮೂರು ವಾರದಲ್ಲಿ ನಾಲ್ಕು ಸಲ ಕೂತು ಬರೆದೆ, ನಾಲ್ಕನ್ನೂ ಹರಿದು ಹಾಕಿದೆ. ಎಲ್ಲದರಲ್ಲೂ ಬರೀ ಬೈಗುಳ. ಇದರಲ್ಲೂ ಇದೆ, ಸ್ವಲ್ಪ ಕಡಿಮೆ. ಫೋನಿನಲ್ಲೇ ಹೇಳೋಣವೆಂದರೆ ನಾನು "ರಕ್ತ" ಅನ್ನೋದೇ ತಡ, ಕಟ್ ಮಾಡ್ತೀಯ.

ನಾವು ಚೆನ್ನಾಗಿದ್ದೀವಿ. ಹಿಮ ಕರಗಿದೆ. ನಿನ್ನ ಭಾವ ವರ್ಲಿನ್ ಸೊಂಟ ಹಿಡಿದುಕೊಂಡೇ ಹಿತ್ತಿಲಲ್ಲಿ ಆಲೂಗಡ್ಡೆಗೆ ಮಣ್ಣು ಅಗೆಯುತ್ತಿದ್ದಾರೆ. ಬೇಡ ಅಂದರೆ ಕೇಳೋದಿಲ್ಲ. ನಮ್ಮ ಮನೆಯ ಗಂಡಸರಿಗೆ ಕಿವಿ ಯಾಕಿದೆಯೋ ನನಗಂತೂ ಗೊತ್ತಿಲ್ಲ.

ಆ ಶನಿವಾರ ಏನಾಯ್ತು ಅಂತ ನೆನಪಿಲ್ಲ ಅಂತೀಯಲ್ಲ, ಟ್ವೈಲಾ ಹೇಳಿದ್ದನ್ನೇ ಹೇಳ್ತೀನಿ. ಚರ್ಚಿನ ಊಟಕ್ಕೆ ಹೊರಟವಳು ಬೀನ್ಸ್ ಪಾತ್ರೆ ಮರೆತಿದ್ದಳು, ಅದಕ್ಕೇ ಅರ್ಧ ದಾರಿಯಿಂದ ವಾಪಸ್ ಬಂದಳು. ಗ್ಯಾರೇಜಿನ ನೆಲವೆಲ್ಲ ಕೆಂಪು. ನೀನು ಟ್ರಕ್ಕಿನ ಗೇರಿನ ಎಣ್ಣೆ ಚೆಲ್ಲಿದ್ದೀಯ ಅಂದುಕೊಂಡು "ಅಯ್ಯೋ, ಇದನ್ನ ಯಾರು ಒರೆಸ್ತಾರೆ ಈಗ?" ಅಂತ ರೇಗಿದಳಂತೆ. ಆಮೇಲೆ ನೋಡಿದರೆ ಮಡಚುವ ಕುರ್ಚಿ ಮಗುಚಿಬಿದ್ದಿದೆ, ಮೇಜಿನ ಅಂಚಿಗೆ ಬಡಿದು ನಿನ್ನ ಹಣೆ ಒಡೆದಿದೆ, ರಕ್ತದ ಚೀಲ ತುಂಬಿ ಬಿಗಿದುಕೊಂಡಿದೆ, ಅರ್ಧ ಕಿತ್ತುಬಂದ ಸೂಜಿ ತೋಳಲ್ಲಿ ನೇತಾಡುತ್ತಿದೆ. ಅವಳು ಪಾತ್ರೆ ಮರೆಯದೇ ಇದ್ದಿದ್ದರೆ? ಆಂಬುಲೆನ್ಸಿನಲ್ಲಿ ಕಣ್ಣು ಬಿಟ್ಟವನು ಆಡಿದ ಮೊದಲ ಮಾತು, "ಚೀಲ ಬಿಸಾಡಬೇಡ, ತೂಕ ನೋಡಬೇಕು." ಇದನ್ನು ಹೇಳುವಾಗ ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ತಿಳಿಯಲಿಲ್ಲ.

ಟೆಸ್ಟೊಸ್ಟಿರಾನ್ ತಗೊಂಡಿದ್ದು ತಪ್ಪು ಅಂತ ನಾನು ಯಾವತ್ತಾದರೂ ಅಂದಿದ್ದೀನಾ? ಧಾನ್ಯ ತುಂಬಿಡೋ ಗೋಪುರದ ಏಣಿ ಹತ್ತಿ ಇಳಿಯೋ ಕೆಲಸ ನಿನ್ನದು, ಐವತ್ತು ದಾಟಿದ ಮೇಲೆ ಸುಸ್ತಾಗ್ತಿತ್ತು. ಪರೀಕ್ಷೆ ಮಾಡಿದಾಗ ನಿಜಕ್ಕೂ ಕಡಿಮೆ ಇತ್ತು. ಇಂಜೆಕ್ಷನ್ ಶುರುವಾದ ವರ್ಷ ಕುದುರೆ ಥರ ಇದ್ದೆ. ಆದರೆ ಆ ಔಷಧಿ ಕೆಂಪು ಕಣಗಳನ್ನು ಹೆಚ್ಚಿಸುತ್ತೆ, ರಕ್ತ ಗಟ್ಟಿಯಾಗುತ್ತೆ. ಅದರ ಲೆಕ್ಕಕ್ಕೇ ಹೆಮಟೊಕ್ರಿಟ್ ಅನ್ನೋದು. ಅದು ನೂರಕ್ಕೆ ಐವತ್ನಾಲ್ಕು ದಾಟಿದರೆ ಡಾಕ್ಟರು ಔಷಧಿ ನಿಲ್ಲಿಸಿ ಕಾರಣ ಹುಡುಕಬೇಕು. ನಿನ್ನದು ಐವತ್ತಾರು. ನಿನ್ನ ಕ್ಲಿನಿಕ್ಕಿನ ಹುಡುಗಿ ಫೋನಿನಲ್ಲಿ "ರಕ್ತದಾನ ಮಾಡಿಬಿಡಿ ಸಾರ್, ಸರಿಹೋಗುತ್ತೆ" ಅಂದಳಂತೆ. ಗಿಡಕ್ಕೆ ನೀರು ಹಾಕಿ ಅಂದ ಹಾಗೆ! ಒಂದು ಸಲ ದಾನ ಮಾಡಿದೆ, ಮುಂದಿನದಕ್ಕೆ ಎಂಟು ವಾರ ಬಿಟ್ಟು ಬನ್ನಿ ಅಂದರು. ನಿನಗೆಲ್ಲಿದೆ ಆ ತಾಳ್ಮೆ? ಇಂಟರ್‌ನೆಟ್ಟಿನಲ್ಲಿ ಯಾವನೋ ತೋಳು ತೋರಿಸಿಕೊಂಡು ಕೂತವನ ಮಾತು ಕೇಳಿ ಸೂಜಿ, ಚೀಲ ತರಿಸಿದೆ.

ಆರು ತಿಂಗಳಲ್ಲಿ ಐದು ಚೀಲ, ಕ್ಲಿಫ್! ಮೈಯಲ್ಲಿದ್ದ ಕಬ್ಬಿಣವೆಲ್ಲ ಅದರ ಜೊತೆಗೇ ಹೋಯ್ತು. ಕ್ರಿಸ್‌ಮಸ್ಸಿನಲ್ಲಿ ನೀನು ಕಟಕಟ ಅಂತ ಐಸ್ ಅಗಿಯುತ್ತಾ ಕೂತಿದ್ದಾಗಲೇ ನನಗೆ ಹೊಳೆಯಬೇಕಿತ್ತು, ಕಬ್ಬಿಣ ಕಡಿಮೆಯಾದವರಿಗೇ ಆ ಚಟ ಹತ್ತೋದು. ಕೈ ತಣ್ಣಗೆ, ಮೆಟ್ಟಿಲು ಹತ್ತಿದರೆ ಏದುಸಿರು. ಆ ಸುಸ್ತಿಗೆ ನೀನು ಏನು ಮಾಡಿದೆ? ಯಾರನ್ನೂ ಕೇಳದೆ ಇಂಜೆಕ್ಷನ್ ಇನ್ನೂ ಜಾಸ್ತಿ ಮಾಡಿಕೊಂಡೆ! ಅದರಿಂದ ರಕ್ತ ಮತ್ತೆ ಗಟ್ಟಿ, ಮತ್ತೆ ಸೂಜಿ. ಇದನ್ನು ಕೇಳಿದಾಗ ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನ್ನಿಸಿತು. ಆ ಕೆಲಸ ನೀನಾಗಲೇ ಮಾಡಿದ್ದೆ.

ಆಸ್ಪತ್ರೆಯ ಡಾಕ್ಟರಮ್ಮ ಎಷ್ಟು ಸಮಾಧಾನವಾಗಿ ಹೇಳಿದರು. ಈಗ ಔಷಧಿ ಪೂರ್ತಿ ನಿಲ್ಲಲಿ, ಆಮೇಲೆ ಬೇಕಾದರೆ ಅರ್ಧದಿಂದ ಶುರು ಮಾಡೋಣ, ಅದೂ ವಾರಕ್ಕೆ ಎರಡು ಸಲ ಚೂರು ಚೂರು. ಗೊರಕೆ ಹೊಡೀತೀರಂತೆ, ನಿದ್ದೆಯಲ್ಲಿ ಉಸಿರು ಕಟ್ಟಿದರೂ ರಕ್ತ ಗಟ್ಟಿಯಾಗುತ್ತೆ, ಅದನ್ನೂ ಪರೀಕ್ಷೆ ಮಾಡಬೇಕು. ರಕ್ತ ತೆಗೆಯಲೇಬೇಕಾದರೆ ಇಲ್ಲಿ, ಮಂಚದ ಮೇಲೆ, ನರ್ಸ್ ಪಕ್ಕದಲ್ಲಿರುವಾಗ. ನೀನು ಮುಖ ಊದಿಸಿಕೊಂಡು "ನಿಲ್ಲಿಸಿದ್ರೆ ಮತ್ತೆ ಮುದುಕ ಆಗಿಬಿಡ್ತೀನಿ" ಅಂದೆ.

ಅವರು "ಆಗಿ ಸಾರ್. ನನ್ನ ಆಸೆನೂ ಅದೇ," ಅಂದರು.

ಮಂಗಳವಾರ ಅವರ ಹತ್ತಿರ ಹೋಗಬೇಕಲ್ಲ, ಟ್ವೈಲಾ ಜೊತೆ ಹೋಗು. ಗ್ಯಾರೇಜಿನಲ್ಲಿ ಉಳಿದ ಸೂಜಿಗಳನ್ನು ಅವಳ ಕೈಗೆ ಕೊಡು. ಪೇಂಟ್ ಡಬ್ಬಿಯ ಹಿಂದೆ ಅಡಗಿಸಿದ್ದನ್ನೂ ಸೇರಿಸಿ.

ದೇವರು ನಿನಗೆ ಆಯಸ್ಸು ಕೊಡಲಿ, ಜೊತೆಗೆ ಒಂದು ಹಿಡಿ ಬುದ್ಧಿಯನ್ನೂ ಕೊಡಲಿ. ನೀನು ನನಗಿಂತ ಹನ್ನೊಂದು ವರ್ಷ ಚಿಕ್ಕವನು. ನಿನ್ನನ್ನು ಕಳಿಸಿಕೊಟ್ಟು ನಾನು ಇರಲಾರೆ.

ನಿನ್ನ ಅಕ್ಕ,
ನಡೀನ್

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಉಳಿದದ್ದು. ಆಸ್ಪತ್ರೆಯಲ್ಲಿ ಟ್ವೈಲಾ ಕೇಳಿದಳಲ್ಲ, "ಇವರಿಗೆ ನರ ಹುಡುಕೋದು ಯಾರು ಹೇಳಿಕೊಟ್ರು?" ಅಂತ. ನೀನು ನನ್ನ ಮುಖ ನೋಡಿ "ವೀಡಿಯೊ ನೋಡಿ ಕಲಿತೆ" ಅಂದೆ. ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಆಗಸ್ಟಿನಲ್ಲಿ ನಮ್ಮ ಅಡುಗೆಮನೆಯ ಮೇಜಿನ ಮೇಲೆ ನಿನ್ನ ಮೊದಲ ಚೀಲ ತೆಗೆದವಳು ನಾನು. "ಒಂದೇ ಸಲ ಅಕ್ಕಾ, ನಿನ್ನ ಕೈ ಗುಣ ನನಗೆ ಗೊತ್ತು" ಅಂದೆ, ನಾನು ಉಬ್ಬಿಹೋದೆ. ಇಪ್ಪತ್ತಾರು ವರ್ಷ ರಕ್ತನಿಧಿಯಲ್ಲಿ ಸೂಜಿ ಹಿಡಿದವಳು, ನಿವೃತ್ತಿಯಾದ ಮೇಲೆ ಯಾರೂ ಕೇಳದೇ ಇದ್ದವಳು. ಯಾವ ನರ, ಎಷ್ಟು ಓರೆ, ಎಲ್ಲ ತೋರಿಸಿಕೊಟ್ಟೆ. ಈ ಕಾಗದ ಮುಗಿಸಿ ಈಗಷ್ಟೇ ಟ್ವೈಲಾಗೆ ಫೋನ್ ಮಾಡಿ ಹೇಳಿದೆ. ಅವಳು "ಇದರ ಅಪಾಯ ಅವರಿಗೇನೋ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತಲ್ಲ?" ಅಂದಳು.

ಗೊತ್ತಿತ್ತು, ಕ್ಲಿಫ್.