ಅಕ್ಕ ಕೊಟ್ಟ ಸಾಕ್ಷಿ

3 ಮಾರ್ಚ್ 2025, ಸೋಮವಾರ

ಔಷಧಿ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ. ಬ್ಯಾಚ್ ರೆಕಾರ್ಡಿನಲ್ಲಿ ಇವತ್ತೂ ಎರಡು ಖಾನೆ ಖಾಲಿ. ಮಾತ್ರೆಯ ಪುಡಿ ಮಿಕ್ಸರಿಗೆ ಸುರಿದ ಹೊತ್ತನ್ನು ಸುರಿದ ಕೂಡಲೇ ಬರೆಯಬೇಕು. ಸುರಿದೆ. ಬರೆಯುವುದು ಮರೆತೆ. ಸೂಪರ್‌ವೈಸರ್ ಮೋಹನ, ಯಾದಗಿರಿ ಕಡೆಯವನು, ಪೆನ್ನು ಚಾಚಿದ.

"ಅಂದಾಜಿಗಿ ಒಂದ್ ಟೈಮ್ ಹಾಕಿ ಒಗಿಯಪಾ ಮಾಣಿಕಪ್ಪ. ಎಲ್ಲಾರೂ ಹಾಕ್ತಾರ."

"ನಾ ಗಡಿಯಾರ ನೋಡೇ ಇಲ್ರಿ. ನೋಡದ ಟೈಮ್ ಹ್ಯಾಂಗ ಹಾಕಲಿ?"

"ಮರಿಯಾಂವನೂ ನೀನ, ಸತ್ಯವಂತನೂ ನೀನ. ಎರಡರಾಗ ಒಂದರ ಬಿಡು ಮಾರಾಯ!"

ಲೈನಿನವರೆಲ್ಲ ನಕ್ಕರು. ಮಾಸ್ಕಿನೊಳಗೆ ನನ್ನದೇ ಉಸಿರು ನಾರಿತು.

4 ಮಾರ್ಚ್

ಮೂರನೆಯ ಮೆಮೊ. ತಿಂಗಳ ಕೊನೆಯೊಳಗೆ ಮರೆವಿಗೆ ಕಾರಣ ಹೇಳುವ ಡಾಕ್ಟರ ಪತ್ರ ತಂದರೆ ನೋಡೋಣ, ಇಲ್ಲವಾದರೆ ಬರಬೇಡ ಎಂದರು ಆಫೀಸಿನಲ್ಲಿ.

ಡಾಕ್ಟರ್ ಲಹರಿ ಎರಡು ಸಲ ನೋಡಿದ್ದಾರೆ. ಎಡಿಎಚ್‌ಡಿ, ಆಟಿಸಂ — ಎರಡೂ ಒಟ್ಟಿಗೆ ಇರುವಂತಿದೆ ಎಂದರು. ಒಂದು ಮರೆಸುತ್ತದೆ, ಇನ್ನೊಂದು ನಿಯಮ ಬಿಟ್ಟು ಕದಲಗೊಡುವುದಿಲ್ಲ. ಇವೆರಡರ ಜಗಳದಲ್ಲಿ ಮೂವತ್ತೆಂಟು ವರ್ಷ ಒದೆ ತಿಂದದ್ದು ನಾನು. ಆದರೆ ಪತ್ರ ಬರೆಯುವ ಮೊದಲು, ಚಿಕ್ಕಂದಿನಲ್ಲಿ ನನ್ನನ್ನು ಕಂಡವರು ಬಂದು ಹೇಳಬೇಕಂತೆ. ಅಪ್ಪ ಅವ್ವ ಇಲ್ಲ. ಉಳಿದವಳು ಗುರುಬಾಯಿ ಅಕ್ಕ, ಪಟಾನ್‌ಚೆರುವಿನಲ್ಲಿ ಕಟ್ಟಡದ ಕೆಲಸಕ್ಕಿದ್ದಾಳೆ. ನನ್ನ ಹೆಂಡತಿ ಪ್ರೇಮಾ ಫೋನ್ ಹಚ್ಚಿದಳು. ಅಕ್ಕ ಶನಿವಾರ ಬರುತ್ತಾಳೆ.

8 ಮಾರ್ಚ್, ಮಧ್ಯಾಹ್ನ

ಥೂ.

ಅಕ್ಕ ಪೆಟ್ಟಿಗೆಯೊಳಗಿನ ಇಳಕಲ್ ಸೀರೆ ಉಟ್ಟು ಬಂದಳು. ಆಗಲೇ ತಿಳಿಯಬೇಕಿತ್ತು... ಡಾಕ್ಟರು ತೆಲುಗಿನವರು, ಕನ್ನಡ ಬಾರದು. ಇಂಥ ಮಾತಿಗೆ ಅಕ್ಕನ ಹಿಂದಿ ಸಾಲದು. ನನ್ನ ಬಾಲ್ಯವನ್ನು ನಾನೇ ಹಿಂದಿಗೆ ತಿರುಗಿಸಿ ಹೇಳಬೇಕು.

ಮರೆವು ಇತ್ತೇ?

"ಏನೂ ಇಲ್ರಿ ಅಮ್ಮಾರ. ಭಾಳ ಶ್ಯಾಣ್ಯಾ."

ಗದ್ದಲ ಆಗಿಬರುತ್ತಿರಲಿಲ್ಲವೇ?

"ಇಲ್ರಿ. ಮಂದ್ಯಾಗ ಹುಲಿ ಇದ್ದಂಗ. ಕುಡಿಯಾಂಗಿಲ್ಲ, ಸೇದಾಂಗಿಲ್ಲ."

ಹೆಣ್ಣಿನ ಕಡೆಯವರ ಮುಂದೆ ವರನನ್ನು ಹೊಗಳಿದ ಹಾಗೆ! ಒಂದಕ್ಷರ ಬಿಡದೆ ಎಲ್ಲವನ್ನೂ ಹಿಂದಿಯಲ್ಲಿ ಹೇಳಿದೆ. ಬೇರೆ ಹೇಳಲು ನಾಲಗೆ ಹೊರಳಲಿಲ್ಲ. ಡಾಕ್ಟರ್ ಪೆನ್ನು ಕೆಳಗಿಟ್ಟರು. ಇಷ್ಟರ ಮೇಲೆ ಪತ್ರ ಬರೆಯಲಾರೆ ಎಂದರು.

ಬಸ್ ಸ್ಟಾಪಿನಲ್ಲಿ ಅಕ್ಕನನ್ನು ಹಿಡಿದು ಕೇಳಿದೆ: "ಎತ್ತು ಹಳ್ಳದಾಗ ಮರತು ಬಂದದ್ದು? ಡೊಳ್ಳಿನ ಸಪ್ಪಳಕ್ಕ ನೆಲದಾಗಿನ ಜೋಳದ ಹಗೇವದಾಗ ಇಳಿದು ಕುಂತದ್ದು? ಅವು ಯಾರ್ ಮಾಡಿದ್ದು?"

"ಮನಿ ಮಾತು ಮಂದಿ ಮುಂದ ಹೇಳತಾರೇನೋ ಖೋಡಿ? ಅಕಿ ಬರಕೋತ ಕುಂತಾಳ. ನಾಳಿ ಪ್ರೇಮಾ ಬಿಟ್ಟು ಹೋದ್ರ?"

"ಪ್ರೇಮಾನ ಫೋನ್ ಮಾಡಿ ಕರಿಸ್ಯಾಳಲ್ಲ ನಿನ್ನ!"

ಅವಳ ತಲೆಯೆಣ್ಣೆಯ ವಾಸನೆಯೂ ಸಹಿಸದಾಯಿತು. ಬಸ್ಸು ಹತ್ತಿಸದೆ ತಿರುಗಿ ನಡೆದೆ.

20 ಮಾರ್ಚ್

ಹನ್ನೆರಡು ದಿನ ಏನೂ ಬರೆದಿಲ್ಲ. ಬರೆಯಲು ಏನಿದೆ? ಲೈನಿನಿಂದ ಇಳಿಸಿ ಡ್ರಮ್ಮು ತೊಳೆಯಲು ಹಾಕಿದ್ದಾರೆ. ತಳದಲ್ಲಿ ಹಳದಿ ಲೋಳೆ. ಬ್ರಷ್ಷಿಗೆ ಅಂಟಿ ಎಳೆ ಎಳೆಯಾಗಿ ಬರುತ್ತದೆ. ಊಟದ ಡಬ್ಬಿ ತೆರೆದರೆ ಪಲ್ಯದಲ್ಲೂ ಅದೇ.

ಮೋಹನ ಹಾದು ಹೋಗುತ್ತ, "ಇಲ್ಲಿ ಟೈಮ್ ಬರಿಯೂ ಗ್ವಾಜಿಲ್ಲ ನೋಡು. ಆರಾಮ."

ಇನ್ನು ಹನ್ನೊಂದು ದಿನ.

22 ಮಾರ್ಚ್, ಸಂಜೆ

ಅಕ್ಕ ಡಾಕ್ಟರ ಬಳಿ ಹೋಗಿದ್ದಳಂತೆ! ನನಗೆ ಹೇಳದೆ, ಹಿಂದಿಗೆ ತಿರುಗಿಸಲು ಪ್ರೇಮಾಳನ್ನು ಕರೆದುಕೊಂಡು. ಕೆಲಸದ ಸೀರೆಯಲ್ಲೇ, ಸಿಮೆಂಟು ಹತ್ತಿದ ಕಾಲಲ್ಲೇ. ಎತ್ತು, ಹಗೇವು, ಊಟಕ್ಕೆ ದಿನವೂ ಒಂದೇ ತಾಟು ಬೇಕೆಂದು ಹಟ ಹಿಡಿದದ್ದು — ಎಲ್ಲ ಹೇಳಿದಳಂತೆ. ನಡುವೆ ಅತ್ತಳಂತೆ. ಯಾಕೆ ಎಂದರೆ ಪ್ರೇಮಾಗೂ ತಿಳಿಯದು.

ಪತ್ರ ಬಂತು. ಎರಡೂ ಇವೆ ಎಂದಿದೆ. ಪ್ರತಿ ಹಂತಕ್ಕೆ ಅಲಾರಂ, ಬಾಯಿಮಾತಿನ ಬದಲು ಬರೆದು ಕೊಟ್ಟ ಸೂಚನೆ, ಖಾನೆ ತುಂಬಿದೆಯೇ ಎಂದು ಅಲ್ಲೇ ನೋಡುವ ಜೊತೆಗಾರ. ಇಷ್ಟು ಬೆಂಬಲ ಸಾಕಂತೆ.

27 ಮಾರ್ಚ್

ಮತ್ತೆ ಲೈನಿಗೆ. ಮೂರು ತಿಂಗಳು ನೋಡುತ್ತಾರಂತೆ. ಎರಡು ದಿನದಿಂದ ಒಂದು ಖಾನೆಯೂ ಖಾಲಿ ಇಲ್ಲ. ಪತ್ರದ ಸುದ್ದಿ ಮಾತ್ರ ಕ್ಯಾಂಟೀನ್ ತನಕ ಹೋಗಿದೆ. "ಸರ್ಟಿಫಿಕೇಟ್ ಸಾಹೇಬ್ರು ಬಂದ್ರು, ಜಾಗ ಬಿಡ್ರಿ" ಎಂದ ಮೋಹನ. ಸಂತೋಷ ಆಗಬೇಕಿತ್ತು. ಅಸಹ್ಯವೇ ಹೆಚ್ಚು. ಬೀಪ್ ಎನ್ನುವ ಒಂದು ಡಬ್ಬಿ ಸಿಗಲು ಅರ್ಧ ಆಯುಷ್ಯ.

30 ಮಾರ್ಚ್, ಯುಗಾದಿ

ಹೋಳಿಗೆ ಕಟ್ಟಿಕೊಂಡು ಅಕ್ಕನ ತಗಡಿನ ಶೆಡ್ಡಿಗೆ ಹೋಗಿದ್ದೆ. ಮೊದಲ ದಿನ ಯಾಕೆ ಸುಳ್ಳು ಹೇಳಿದೆ ಎಂದು ಮತ್ತೆ ಕೇಳಿದೆ. ಹೋಳಿಗೆ ಮುರಿಯುತ್ತ ಅಂದಳು:

"ಡಾಕ್ಟರಮ್ಮ ಕೇಳಿದ್ದೆಲ್ಲಾ ನನಗೂ ಐತಲ್ಲೋ. ಒಂದೊಂದ್ ಕೇಳಿದಂಗ ಎದಿ ಧಸಕ್ ಅಂತು. ನಿನಗ ಹೂಂ ಅಂದ್ರ ನನಗೂ ಹೂಂ ಅಂದಂಗ."

"ಡಾಕ್ಟರಿಗೆ ಹೇಳಿದ್ಯಾ?"

"ನನ್ನ ಸುದ್ದಿ ಯಾರ್ ಕೇಳ್ಯಾರ?"

ನಾನೂ ಕೇಳಿರಲಿಲ್ಲ. ಇಷ್ಟು ವರ್ಷ. ಮುಂದಿನ ಶನಿವಾರ ಡಾಕ್ಟರ ಬಳಿ ನೀನೂ ಬಾ ಎಂದೆ.

"ನಾ ಸಣ್ಣಾಕಿ ಇದ್ದಾಗಿಂದು ಯಾರ್ ಹೇಳತಾರ ಅಲ್ಲಿ?"

"ನಾ ಹೇಳತೀನಿ."

ಬಸ್ಸಿನಲ್ಲಿ ಕುಳಿತು ಬರೆಯುತ್ತಿದ್ದೇನೆ, ಮರೆಯುವ ಮೊದಲು. ಅಕ್ಕ ಬಳೆಯ ಸದ್ದು ತಾಳದೆ ತನ್ನದೇ ಮದುವೆಯ ಹಂದರದಿಂದ ಎದ್ದು ಹೋದಳು. ನಾನು ನಕ್ಕಿದ್ದೆ. ಒಲೆಯ ಮೇಲೆ ಹಾಲು ಮರೆತಳು, ಒಂದೇ ವಾರದಲ್ಲಿ ಮೂರು ಸಲ. ಅವ್ವ ಕಬ್ಬಿಣ ಕಾಸಿ ಅಂಗೈಗೆ ಬರೆ ಹಾಕಿದಳು. ಅಲುಗದಂತೆ ಆ ಕೈ ಹಿಡಿದುಕೊಂಡಿದ್ದವನು — ನಾನು.