ಮುತ್ಲಖ್‌ನ ತಾಯಿ ಕೊಟ್ಟ ಡಬ್ಬಿ

ಅಮ್ಮಾನ್, ಏಪ್ರಿಲ್ 22, ಮಂಗಳವಾರ

ಆ ಡಬ್ಬಿ ಇನ್ನೂ ಫ್ರಿಜ್ಜಿನಲ್ಲಿದೆ. ಎಸೆಯಲು ಕೈ ಬರುತ್ತಿಲ್ಲ.

ಮುತ್ಲಖ್‌ಗೆ ಮೂರನೇ ಸಲ ಜ್ವರ. ಮೇಕೆಯ ಹಸಿ ಹಾಲಿನಿಂದ ಬರುವ ಬ್ರುಸೆಲ್ಲಾ ಸೋಂಕು ಈಗ ಬೆನ್ನುಮೂಳೆಗೇ ಇಳಿದಿದೆ, ಎಡಗಾಲು ಏಳುತ್ತಿಲ್ಲ. ಸೋಂಕುರೋಗ ಕಲಿಯಲು ಬಂದ ವರ್ಷ ನನ್ನ ಮೊದಲ ರೋಗಿ ಇವನೇ. "ಔಷಧಿ ಸರಿಯಾಗೇ ಇದೆ. ಮನೇಲಿ ಏನು ತಿಂತಾನೆ, ಮತ್ತೆ ಕೇಳು," ಎಂದರು ನನಗೆ ಕಲಿಸುವ ಡಾ. ಹಿಜಾಝಿ.

ಅವನ ತಾಯಿಯ ಮೇಲೆ ರೇಗಿದೆ. "ಹಾಲು ಕಾಯಿಸಿ ಅಂತ ಎಷ್ಟು ಸಲ ಹೇಳಿದ್ದೆ, ಖಾಲಾ?"

"ನಿನ್ನ ಮಾತು ಮೀರಿಲ್ಲ ಮಗಳೇ. ಕಾಯಿಸದೆ ಒಂದು ಹನಿ ಕೊಟ್ಟಿಲ್ಲ." ಚೀಲದಿಂದ ಡಬ್ಬಿ ತೆಗೆದಳು. "ನಿನಗಂತಲೇ ತಂದೆ. ಮನೇಲೇ ಮಾಡಿದ ಚೀಸು, ಹಸಿ ಹಾಲಿಂದು. ಕಾಯಿಸಿದ್ರೆ ರುಚಿ ಕೆಡತ್ತೆ. ಇದಿಲ್ದೆ ಅವನಿಗೆ ರೊಟ್ಟಿ ಇಳಿಯಲ್ಲ."

ನಾನು ಹಾಲು ಎಂದಿದ್ದೆ. ಚೀಸು ಎಂದಿರಲಿಲ್ಲ. ನನ್ನ ಎರಡು ವರ್ಷದ ಟಿಪ್ಪಣಿಯಲ್ಲೂ ಬರೀ ಹಾಲು.

"ಇನ್ನು ಅವನಿಗೆ ಇದನ್ನ ಕೊಡಬೇಡಿ," ಎಂದಷ್ಟೇ ಹೇಳಿ ಡಬ್ಬಿ ಇಸಿದುಕೊಂಡೆ.

"ಆಯ್ತು, ನೀನು ಹೇಳಿದ ಹಾಗೇ," ಎಂದಳು. ಯಾಕೆ ಎಂದು ಕೇಳಲೂ ಇಲ್ಲ.

ನಾಳೆ ಹೇಳಲೇಬೇಕು. ತಪ್ಪು ನನ್ನದು ಎಂದು ಎಷ್ಟು ಹೇಳಿದರೂ ಆಕೆಗೆ ಕೇಳಿಸುವುದು ಒಂದೇ, ದಿನಾ ಬೆಳಿಗ್ಗೆ ಮಗನಿಗೆ ಕೈಯಾರೆ ತಿನ್ನಿಸಿದವಳು ತಾನೇ ಎಂದು.