ಕೇಕಿಗೆ ಬೆಲ್ಟು

ಅಳಿಯಂದಿರಿಗೆ,

ಮೊಮ್ಮಗಳ ಹಿಮ್ಮಡಿಗೆ ಮುಲಾಮು ಹಚ್ಚಿದ್ದೇನೆ. ಮುಂದಿನ ಚಕ್ರದ ಕಡ್ಡಿ ಸುಮ್ಮನೆ ಸವರಿತು ಅಂತ ಬಾಗಿಲಲ್ಲೇ ಹೇಳಿ, ಸೈಕಲ್ಲನ್ನು ಇಲ್ಲೇ ಬಿಟ್ಟು ನಿಮ್ಮ ಕೆಲಸದ ಬೇಕರಿಗೆ ನಡೆದುಬಿಟ್ಟಿರಿ. ಸುಮ್ಮನೆ ಸವರಿದ್ದಕ್ಕೆ ಇಷ್ಟಗಲ ಚರ್ಮ ಸುಲಿಯುವುದಿಲ್ಲ.

ಆಮೇಲೆ ಸೈಕಲ್ಲು ನೋಡಿದೆ. ಮಗು ಕೂರಲೆಂದು ನಾನು ಕೊಡಿಸಿದ ಹಿಂದಿನ ಸೀಟಿನ ತುಂಬ ಕ್ರೀಮು, ಬೆಲ್ಟಿನ ಸಂದಿಯಲ್ಲೆಲ್ಲ ಇರುವೆ. ಒರೆಸಿ ಒರೆಸಿ ಎರಡು ಬಟ್ಟೆ ಹಾಳಾಯಿತು. ಆರ್ಡರಿನ ಕೇಕನ್ನು ಸೀಟಲ್ಲಿಟ್ಟು ಬೆಲ್ಟು ಬಿಗಿದಿರಂತೆ. ನಾಲ್ಕು ವರ್ಷದ ಮಗಳನ್ನು ಮುಂದಿನ ರಾಡಿನ ಮೇಲೆ ಟವೆಲ್ ಹಾಸಿ ಕೂರಿಸಿ, ಗಟ್ಟಿಯಾಗಿ ಹಿಡ್ಕೋ ಅಂದಿರಂತೆ. ಎಲ್ಲ ಅವಳೇ ಹೇಳಿದಳು.

ಸಮಾಧಾನಕ್ಕೆಂದು ನೀವು ಕೊಟ್ಟುಹೋದ ಕೇಕಿನ ತುಂಡು ಕಸದ ಬುಟ್ಟಿಯಲ್ಲಿದೆ. ಅದರ ವಾಸನೆಯೂ ನನಗೆ ಆಗುತ್ತಿಲ್ಲ.

ಸೈಕಲ್ಲು ಒಯ್ಯಿರಿ, ಕೇಕಿಗೆ ಬೇರೆ ಬುಟ್ಟಿ ಕಟ್ಟಿಸಿಕೊಳ್ಳಿ. ಸೀಟನ್ನು ಬಿಚ್ಚಿ ಇಟ್ಟುಕೊಂಡಿದ್ದೇನೆ. ಹಿಂದೆ ಕೂತಾಗಲೂ ಮಗುವಿನ ಕಾಲು ಕಡ್ಡಿಗೆ ಹೋಗದ ಹಾಗೆ ಹಿಂದಿನ ಚಕ್ರದ ಎರಡೂ ಬದಿಗೆ ಮರೆ ಹಾಕಿಸಿ ತನ್ನಿ, ಆಮೇಲೆ ಕೊಡುತ್ತೇನೆ. ಅಲ್ಲಿಯವರೆಗೆ ಅವಳನ್ನು ಶಾಲೆಗೆ ನಾನೇ ಎತ್ತಿಕೊಂಡು ಹೋಗುತ್ತೇನೆ. ನನ್ನ ಸೊಂಟದ ಚಿಂತೆ ನಿಮಗೆ ಬೇಡ.

ಸೀಟು ನಂದು ಅಂತ ಅಪ್ಪನಿಗೆ ಹೇಳಬಾರದಿತ್ತಾ ಅಂತ ಮುಲಾಮು ಹಚ್ಚುತ್ತಾ ಕೇಳಿದೆ.

"ನಾನು ಬಿದ್ರೆ ಅತ್ತು ಸುಮ್ನಾಗ್ತೀನಿ ಅಜ್ಜಿ. ಕೇಕ್ ಬಿದ್ರೆ ಅಪ್ಪಂಗೆ ಬೈತಾರೆ" ಅಂದಳು.

ನನ್ನ ಮಗಳು ಕೆಲಸ ಮುಗಿಸಿ ಬಂದ ಮೇಲೆ ಈ ಮಾತನ್ನು ನೀವೇ ಅವಳಿಗೆ ಹೇಳಿ. ನನ್ನ ಬಾಯಲ್ಲಿ ಬರುವುದಿಲ್ಲ.

ಇತಿ,
ನಿಮ್ಮ ಅತ್ತೆ